ರುಯಿ ಕೋಸ್ಟಾ: ಪೋರ್ಚುಗಲ್‌ನ ‘ಚಿನ್ನದ ಪೀಳಿಗೆ’ಯ ಸೂತ್ರಧಾರ

ಪೋರ್ಚುಗಲ್ ಫುಟ್‌ಬಾಲ್ ಎಂದೊಡನೆ ಇಂದಿನವರಿಗೆ ನೆನಪಾಗುವುದು ಕ್ರಿಸ್ಟಿಯಾನೊ ರೊನಾಲ್ಡೊ, ಹಳಬರಿಗೆ ಯುಸೇಬಿಯೊ. ಇವರಿಬ್ಬರ ಕಾಲದ ನಡುವೆ ಆ ಪುಟ್ಟ ರಾಷ್ಟ್ರವನ್ನು ಯುರೋಪಿನ ಬಲಾಢ್ಯರ ಸಾಲಿಗೆ ತಂದು ನಿಲ್ಲಿಸಿದ ಒಂದು ಪೀಳಿಗೆಯಿತ್ತು. ‘ಚಿನ್ನದ ಪೀಳಿಗೆ’ ಎಂದೇ ಹೆಸರಾದ ಆ ಗುಂಪಿನಲ್ಲಿ ಲೂಯಿಸ್ ಫಿಗೊ ಜಗತ್ಪ್ರಸಿದ್ಧರಾದರು. ಆದರೆ ಆ ತಂಡದ ಆಟಕ್ಕೆ ಲಯ ಕೊಟ್ಟವರು, ಚೆಂಡು ಯಾವ ಹೊತ್ತಿಗೆ ಯಾರ ಕಾಲಿಗೆ ಸೇರಬೇಕೆಂದು ತೀರ್ಮಾನಿಸುತ್ತಿದ್ದವರು ಹತ್ತನೇ ಸಂಖ್ಯೆಯ ಅಂಗಿ ತೊಟ್ಟ ರುಯಿ ಮ್ಯಾನುಯೆಲ್ ಸೀಸರ್ ಕೋಸ್ಟಾ.

ದೇಶದ ಪರ 94 ಪಂದ್ಯ, 26 ಗೋಲು. ಇಟಲಿಯಲ್ಲಿ ಸತತ 12 ವರ್ಷಗಳ ಆಟ. ಯುರೋಪಿನ ಚಾಂಪಿಯನ್ಸ್ ಲೀಗ್ ಕಪ್, ಇಟಲಿಯ ಲೀಗ್ ಪ್ರಶಸ್ತಿ. ಯಾವ ಆಟಗಾರನೂ ಹೆಮ್ಮೆಪಡಬಹುದಾದ ಪಟ್ಟಿಯಿದು. ಆದರೂ ಲಿಸ್ಬನ್ ನಗರದಲ್ಲಿ ಕೋಸ್ಟಾ ಅವರನ್ನು ನೆನೆಯುವುದು ಈ ಪಟ್ಟಿಗಾಗಿಯಲ್ಲ. ಸಂಕಷ್ಟದ ದಿನಗಳಲ್ಲಿ ತಮ್ಮನ್ನು ಮಾರಿದ ಕ್ಲಬ್ಬನ್ನು ಮರೆಯದೆ, ಹನ್ನೆರಡು ವರ್ಷಗಳ ಬಳಿಕ ಅಲ್ಲಿಗೇ ಮರಳಿ, ಕೊನೆಗೆ ಅದರ ಅಧ್ಯಕ್ಷ ಪೀಠವನ್ನೇ ಏರಿದವರೆಂಬ ಕಾರಣಕ್ಕೆ. ಆ ಕ್ಲಬ್ಬಿನ ಹೆಸರು ಬೆನ್ಫಿಕಾ.

ದಮಾಯಾದ ಹುಡುಗ

ಕೋಸ್ಟಾ ಜನಿಸಿದ್ದು 1972ರ ಮಾರ್ಚ್ 29ರಂದು, ಲಿಸ್ಬನ್‌ಗೆ ಅಂಟಿಕೊಂಡಂತಿರುವ ಅಮದೋರಾದಲ್ಲಿ. ಮೊದಲು ಚೆಂಡು ಒದ್ದದ್ದು ಅಲ್ಲಿನ ದಮಾಯಾ ಬಡಾವಣೆಯ ಸಣ್ಣ ಕ್ಲಬ್‌ನಲ್ಲಿ. ಬಾಲಕನಾಗಿದ್ದಾಗಲೇ ಬೆನ್ಫಿಕಾದ ಆಯ್ಕೆ ಶಿಬಿರಕ್ಕೆ ಹೋದ ಅವರ ಆಟವನ್ನು ಕಂಡು ಮೆಚ್ಚಿದವರು ಸ್ವತಃ ಯುಸೇಬಿಯೊ ಎಂಬುದು ಪೋರ್ಚುಗಲ್‌ನಲ್ಲಿ ಎಲ್ಲರೂ ಬಲ್ಲ ಸಂಗತಿ. 1966ರ ವಿಶ್ವಕಪ್‌ನಲ್ಲಿ ಒಂಬತ್ತು ಗೋಲು ಗಳಿಸಿ ಪೋರ್ಚುಗಲ್‌ಗೆ ಮೂರನೇ ಸ್ಥಾನ ತಂದುಕೊಟ್ಟ ಮಹಾನ್ ಆಟಗಾರ ಆತ. ಅಂಥವರ ಕಣ್ಣಿಗೆ ಬಿದ್ದ ಹುಡುಗ ಬೆನ್ಫಿಕಾದ ಕಿರಿಯರ ತಂಡಗಳಲ್ಲೇ ಬೆಳೆದ.

1990ರಲ್ಲಿ ಕ್ಲಬ್ ಅವರನ್ನು ಉತ್ತರ ಪೋರ್ಚುಗಲ್‌ನ ಫಾಫೆ ಎಂಬ ಸಣ್ಣ ತಂಡಕ್ಕೆ ಒಂದು ಋತುವಿನ ಮಟ್ಟಿಗೆ ಎರವಲು ಕೊಟ್ಟಿತು. ಹಿರಿಯರ ನಡುವೆ ಆಡಿ ಪಳಗಲಿ ಎಂಬುದು ಇಂತಹ ಏರ್ಪಾಡಿನ ಉದ್ದೇಶ. ಮರಳುವಷ್ಟರಲ್ಲಿ ಅವರಿಗಾಗಿ ಬೇರೊಂದು ವೇದಿಕೆ ಸಜ್ಜಾಗಿತ್ತು.

1991ರ ಆ ಒಂದು ಒದೆತ

1991ರ ವಿಶ್ವ ಯುವ ಫುಟ್‌ಬಾಲ್ ಚಾಂಪಿಯನ್‌ಷಿಪ್‌ಗೆ ಪೋರ್ಚುಗಲ್ ಆತಿಥ್ಯ ವಹಿಸಿತ್ತು. 20 ವರ್ಷದೊಳಗಿನವರ ಪಂದ್ಯಾವಳಿ ಎಂದು ಇದನ್ನು ಹಗುರವಾಗಿ ಕಾಣುವಂತಿರಲಿಲ್ಲ. 1966ರ ವಿಶ್ವಕಪ್ ಬಳಿಕದ ಕಾಲು ಶತಮಾನದಲ್ಲಿ ಪೋರ್ಚುಗಲ್‌ನ ಹಿರಿಯರ ತಂಡ ಪ್ರಮುಖ ಟೂರ್ನಿಗೆ ಅರ್ಹತೆ ಗಳಿಸಿದ್ದು ಎರಡೇ ಬಾರಿ: 1984ರ ಯುರೋ ಕಪ್ ಮತ್ತು 1986ರ ವಿಶ್ವಕಪ್. ಹಿರಿಯರು ಕೈಚೆಲ್ಲಿದ್ದ ಆ ದಿನಗಳಲ್ಲಿ ತರಬೇತುದಾರ ಕಾರ್ಲೋಸ್ ಕ್ವಿರೋಜ್ ಕಿರಿಯರನ್ನು ಹುಡುಕಿ ಹುಡುಕಿ ಬೆಳೆಸುವ ಕೆಲಸಕ್ಕೆ ಕೈಹಾಕಿದ್ದರು. ಅದರ ಮೊದಲ ಫಲವಾಗಿ 1989ರಲ್ಲಿ ರಿಯಾದ್‌ನಲ್ಲಿ ನಡೆದ ಯುವ ಚಾಂಪಿಯನ್‌ಷಿಪ್ ಅನ್ನು ಪೋರ್ಚುಗಲ್ ಗೆದ್ದುಕೊಂಡಿತ್ತು. ಎರಡು ವರ್ಷಗಳ ಬಳಿಕ ತಾಯ್ನೆಲದಲ್ಲೇ ಆಡುವಾಗ ನಿರೀಕ್ಷೆ ಮುಗಿಲು ಮುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ತಂಡದಲ್ಲಿದ್ದವರು ಫಿಗೊ, ಜೊವಾವೊ ಪಿಂಟೊ, ಜಾರ್ಜ್ ಕೋಸ್ಟಾ, ಎಮಿಲಿಯೊ ಪೇಯ್ಶೆ ಮೊದಲಾದವರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಏಕೈಕ ಗೋಲು ಹೊಡೆದವರು ರುಯಿ ಕೋಸ್ಟಾ. ಜೂನ್ 30ರಂದು ಬೆನ್ಫಿಕಾದ ತವರಾದ ಲುಜ್ ಕ್ರೀಡಾಂಗಣದಲ್ಲಿ ಬ್ರೆಜಿಲ್ ವಿರುದ್ಧ ಫೈನಲ್. ಅಂದು ಅಲ್ಲಿ ಸೇರಿದ್ದ ಪ್ರೇಕ್ಷಕರು 1 ಲಕ್ಷ 27 ಸಾವಿರ. (‘ಲುಜ್’ ಎಂದರೆ ಬೆಳಕು. ಆದುದರಿಂದಲೇ ಇದನ್ನು ‘ಬೆಳಕಿನ ಕ್ರೀಡಾಂಗಣ’ ಎಂದು ಅನುವಾದಿಸುವ ರೂಢಿಯುಂಟು. ವಾಸ್ತವವಾಗಿ ಆ ಹೆಸರು ಬಂದದ್ದು ಅಲ್ಲಿನ ಬೆಳಕಿನ ಮಾತೆಯ ಇಗರ್ಜಿಯಿಂದ.)

ನಿಗದಿತ ಅವಧಿ ಹಾಗೂ ಹೆಚ್ಚುವರಿ ಅವಧಿ ಎರಡರಲ್ಲೂ ಗೋಲು ಬರಲಿಲ್ಲ. ವಿಜೇತರ ನಿರ್ಧಾರ ಪೆನಾಲ್ಟಿ ಶೂಟೌಟ್ ಪಾಲಾಯಿತು. ಪೋರ್ಚುಗಲ್‌ನ ನಿರ್ಣಾಯಕ ಒದೆತಕ್ಕೆ ನಡೆದುಬಂದವರು 19 ವರ್ಷದ ರುಯಿ ಕೋಸ್ಟಾ. ಚೆಂಡು ಬಲೆ ಸೇರಿತು. 4-2ರಿಂದ ಪೋರ್ಚುಗಲ್ ವಿಶ್ವ ಯುವ ಕಿರೀಟವನ್ನು ಉಳಿಸಿಕೊಂಡಿತು. ‘ಚಿನ್ನದ ಪೀಳಿಗೆ’ ಎಂಬ ಬಿರುದು ಬೆಸೆದುಕೊಂಡದ್ದು ಈ ಹುಡುಗರಿಗೇ. ಹೆಗಲ ಮೇಲೆ ಬಿದ್ದ ಬಿರುದು ಮುಂದೆ ಎಷ್ಟು ಭಾರವಾಗಲಿದೆಯೆಂಬುದು ಆ ಸಂಜೆ ಯಾರಿಗೂ ಹೊಳೆದಿರಲಾರದು.

ಬೆನ್ಫಿಕಾದ ಹಣದ ಮುಗ್ಗಟ್ಟು

ಮರುಋತುವಿನಿಂದಲೇ ಕೋಸ್ಟಾ ಬೆನ್ಫಿಕಾದ ಹಿರಿಯರ ತಂಡದಲ್ಲಿ ಸ್ಥಾನ ಪಡೆದರು. 1961 ಮತ್ತು 1962ರಲ್ಲಿ ಯುರೋಪಿಯನ್ ಕಪ್ ಗೆದ್ದ ಈ ಕ್ಲಬ್ ಆಗ ಸಾಲದ ಸುಳಿಯಲ್ಲಿತ್ತು. 1993ರ ಬೇಸಿಗೆಯಲ್ಲಿ ಬಾಕಿ ಸಂಬಳದ ನೆಪದಲ್ಲಿ ಪಾವ್ಲೊ ಸೋಸಾ ಮತ್ತು ಪಶೇಕೊ ಎಂಬ ಇಬ್ಬರು ಆಟಗಾರರು ಕರಾರು ಮುರಿದು ನೆರೆಯ ಬದ್ಧ ಎದುರಾಳಿ ಸ್ಪೋರ್ಟಿಂಗ್ ಕ್ಲಬ್‌ಗೆ ಹೋದದ್ದು ದೊಡ್ಡ ರಾದ್ಧಾಂತವಾಯಿತು. ಅಂತಹ ಗೊಂದಲದ ನಡುವೆಯೂ ಬೆನ್ಫಿಕಾ 1993ರಲ್ಲಿ ಪೋರ್ಚುಗೀಸ್ ಕಪ್ ಜಯಿಸಿತು, 1994ರಲ್ಲಿ ಲೀಗ್ ಚಾಂಪಿಯನ್ ಆಯಿತು. ಎರಡರಲ್ಲೂ ಕೋಸ್ಟಾ ಪಾಲುದಾರರು.

ಪ್ರಶಸ್ತಿ ಬಂದ ಬೇಸಿಗೆಯಲ್ಲೇ ಕ್ಲಬ್ ಅವರನ್ನು ಇಟಲಿಯ ಫಿಯೊರೆಂಟಿನಾಕ್ಕೆ ಮಾರಿತು. ಬೊಕ್ಕಸಕ್ಕೆ ಹಣ ಬೇಕಿತ್ತು. ಕೊಳ್ಳುವವರಿದ್ದ ಸರಕು 22 ವರ್ಷದ ಈ ಮಿಡ್‌ಫೀಲ್ಡರ್. ಆ ಬಳಿಕ ಬೆನ್ಫಿಕಾ ಮತ್ತೊಂದು ಲೀಗ್ ಪ್ರಶಸ್ತಿಗಾಗಿ 2005ರವರೆಗೆ, ಅಂದರೆ ಹನ್ನೊಂದು ವರ್ಷ ಕಾಯಬೇಕಾಯಿತು. ಬೆನ್ಫಿಕಾದಂತಹ ಕ್ಲಬ್‌ಗೆ ಅದು ವನವಾಸವೇ ಸರಿ.

ಫ್ಲಾರೆನ್ಸಿನ ಏಳು ವರ್ಷ

ತೊಂಬತ್ತರ ದಶಕದಲ್ಲಿ ಇಟಲಿಯ ‘ಸೀರಿ ಎ’ ಜಗತ್ತಿನ ಅತ್ಯಂತ ಕಠಿಣ ಲೀಗ್. ರಕ್ಷಣಾ ಆಟಗಾರರ ಕೋಟೆ ಎಂದೇ ಅದರ ಖ್ಯಾತಿ. ಅಲ್ಲಿ ಮುಂಚೂಣಿ ಆಟಗಾರರ ಬೆನ್ನ ಹಿಂದೆ ನಿಂತು, ಕಿರಿದಾದ ಸಂದಿಯಲ್ಲಿ ಚೆಂಡು ನುಸುಳಿಸುವ ‘ಹತ್ತನೇ ಸಂಖ್ಯೆ’ಯವನ ಪಾತ್ರ ಬಹು ಕಷ್ಟದ್ದು, ಅಷ್ಟೇ ಬೆಲೆಯುಳ್ಳದ್ದು. ಕ್ರಿಕೆಟ್ಟಿಗೆ ಒಗ್ಗಿದ ನಮ್ಮ ಓದುಗರಿಗೆ ಇದನ್ನು ವಿವರಿಸುವುದು ತುಸು ತೊಡಕಿನ ಕೆಲಸ. ಅಂಕಪಟ್ಟಿಯಲ್ಲಿ ಗೋಲು ಹೊಡೆದವನ ಹೆಸರಿರುತ್ತದೆ. ಹೊಡೆಯಲು ದಾರಿ ಮಾಡಿಕೊಟ್ಟವನ ಹೆಸರು ಹಲವು ಕಾಲ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಫಿಯೊರೆಂಟಿನಾದಲ್ಲಿ ಆ ಗೋಲು ಹೊಡೆಯುವವರು ಅರ್ಜೆಂಟೀನಾದ ಗೇಬ್ರಿಯಲ್ ಬಟಿಸ್ಟುಟಾ. ಕೋಸ್ಟಾ ಬಂದ ಮೊದಲ ಋತುವಿನಲ್ಲೇ, ಅಂದರೆ 1994-95ರಲ್ಲಿ, ಬಟಿಸ್ಟುಟಾ ಲೀಗ್‌ನ ಮೊದಲ 11 ಪಂದ್ಯಗಳಲ್ಲಿ ಸತತವಾಗಿ ಗೋಲು ಗಳಿಸಿ ದಾಖಲೆ ಬರೆದರು. ಒಟ್ಟು 26 ಗೋಲುಗಳೊಂದಿಗೆ ಅಗ್ರಸ್ಥಾನ ಪಡೆದರು. ಹಿಂದಿನ ವರ್ಷ ಕೆಳದರ್ಜೆಯಲ್ಲಿ ಆಡಿ ಆಗಷ್ಟೇ ಮೇಲೆದ್ದು ಬಂದಿದ್ದ ತಂಡವದು. ಕ್ಲಾಡಿಯೊ ರಾನಿಯೆರಿ ತರಬೇತುದಾರರು. ಇವರ ಸಾರಥ್ಯದಲ್ಲಿ 1996ರಲ್ಲಿ ಅಟಲಾಂಟಾ ತಂಡವನ್ನು ಮಣಿಸಿ ಇಟಾಲಿಯನ್ ಕಪ್ ಎತ್ತಿದ ಫಿಯೊರೆಂಟಿನಾ, ಅದೇ ವರ್ಷ ಲೀಗ್ ಚಾಂಪಿಯನ್ ಮಿಲಾನ್ ತಂಡವನ್ನು ಅದರ ತವರಿನಲ್ಲೇ 2-1ರಿಂದ ಸೋಲಿಸಿ ಸೂಪರ್ ಕಪ್ ಕೂಡ ತನ್ನದಾಗಿಸಿಕೊಂಡಿತು.

ಈ ಅವಧಿಯ ಒಂದು ಪ್ರಸಂಗವನ್ನು ಬೆನ್ಫಿಕಾ ಅಭಿಮಾನಿಗಳು ಇಂದಿಗೂ ಮರೆತಿಲ್ಲ. 1996ರಲ್ಲಿ ಫಿಯೊರೆಂಟಿನಾ ಸ್ನೇಹಪಂದ್ಯಕ್ಕಾಗಿ ಲುಜ್ ಕ್ರೀಡಾಂಗಣಕ್ಕೆ ಬಂತು. ಅಂದು ಕೋಸ್ಟಾ ತಮ್ಮ ಹಳೆಯ ಕ್ಲಬ್ಬಿನ ವಿರುದ್ಧ ಗೋಲು ಹೊಡೆದರು. ಹೊಡೆದವರು ಸಂಭ್ರಮಿಸಲಿಲ್ಲ, ಮೈದಾನದಲ್ಲೇ ಕಣ್ಣೀರಿಟ್ಟರು. ಹಳೆಯ ತಂಡದ ವಿರುದ್ಧ ಗೋಲು ಹೊಡೆದಾಗ ಕೈಯೆತ್ತಿ ಕ್ಷಮೆ ಕೋರುವ ಸನ್ನೆ ಈಗ ಒಂದು ಔಪಚಾರಿಕತೆಯಾಗಿದೆ, ಕೆಲವೊಮ್ಮೆ ನಟನೆಯೂ ಆಗಿದೆ. ಆದರೆ ಅದು ಅಂತಹ ರೂಢಿ ಬೆಳೆಯುವ ಮೊದಲಿನ ಮಾತು. ಮರುವರ್ಷ, 1997ರಲ್ಲಿ, ಕಪ್ ವಿನ್ನರ್ಸ್ ಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಇದೇ ಎರಡು ತಂಡಗಳು ಮುಖಾಮುಖಿಯಾದಾಗ ಬೆನ್ಫಿಕಾವನ್ನು ಹೊರದೂಡಿದ್ದು ಫಿಯೊರೆಂಟಿನಾ.

ಫ್ಲಾರೆನ್ಸ್ ತಂಡಕ್ಕೆ ಲೀಗ್ ಪ್ರಶಸ್ತಿ ಮಾತ್ರ ಒಲಿಯಲಿಲ್ಲ. ಜಿಯೊವಾನಿ ಟ್ರಪಟೋನಿ ತರಬೇತುದಾರರಾಗಿದ್ದ 1998-99ರಲ್ಲಿ ಅರ್ಧ ಋತು ಮುಗಿದಾಗ ಅಗ್ರಸ್ಥಾನದಲ್ಲಿದ್ದ ತಂಡವದು. ಫೆಬ್ರುವರಿಯಲ್ಲಿ ಬಟಿಸ್ಟುಟಾ ಗಾಯಗೊಂಡರು. ಮತ್ತೊಬ್ಬ ಮುಂಚೂಣಿ ಆಟಗಾರ, ಬ್ರೆಜಿಲ್‌ನ ಎಡ್ಮುಂಡೊ, ಅದೇ ಹೊತ್ತಿಗೆ ರಿಯೊ ಕಾರ್ನಿವಲ್ ನೋಡಲು ವಿಮಾನ ಹತ್ತಿದ್ದರು! ಪಾಸ್ ಕೊಡಲು ಕೋಸ್ಟಾ ಇದ್ದರೂ ಪಡೆಯುವವರಿಲ್ಲದಾಯಿತು. ತಂಡ ಮೂರನೇ ಸ್ಥಾನಕ್ಕಿಳಿಯಿತು. ಮರುವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ವೆಂಬ್ಲಿಯಲ್ಲಿ ಆರ್ಸೆನಲ್ ವಿರುದ್ಧ, ತವರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಜಯಭೇರಿ ಬಾರಿಸಿದ್ದು ಆ ಕಾಲದ ಕೊನೆಯ ಬೆಳಗು.

2000ದಲ್ಲಿ ಬಟಿಸ್ಟುಟಾ ರೋಮಾ ಸೇರಿದರು. ಕೋಸ್ಟಾ ಉಳಿದರು, ನಾಯಕರಾದರು. 2001ರಲ್ಲಿ ಪಾರ್ಮಾ ತಂಡವನ್ನು ಸೋಲಿಸಿ ಮತ್ತೊಮ್ಮೆ ಇಟಾಲಿಯನ್ ಕಪ್ ಎತ್ತಿದರು. ಅಷ್ಟರಲ್ಲಿ ಮಾಲೀಕ ವಿಟ್ಟೋರಿಯೊ ಚೆಕ್ಕಿ ಗೋರಿ ಅವರ ಆರ್ಥಿಕ ಸಾಮ್ರಾಜ್ಯ ಕುಸಿಯತೊಡಗಿತ್ತು. ಕೋಸ್ಟಾ ಎರಡನೇ ಬಾರಿಗೆ ಕ್ಲಬ್ಬಿನ ಸಾಲಕ್ಕಾಗಿ ಮಾರಾಟವಾದರು. ಫಿಯೊರೆಂಟಿನಾ ಪರ ಲೀಗ್‌ನಲ್ಲಿ 215 ಪಂದ್ಯ, 38 ಗೋಲು ಅವರ ಗಳಿಕೆ. ಅವರು ಹೊರನಡೆದ ಒಂದೇ ವರ್ಷಕ್ಕೆ ಫಿಯೊರೆಂಟಿನಾ ಕೆಳದರ್ಜೆಗೆ ಜಾರಿತು, ದಿವಾಳಿಯೆದ್ದಿತು, ಬೇರೆ ಹೆಸರಿನಲ್ಲಿ ನಾಲ್ಕನೇ ದರ್ಜೆಯಿಂದ ಮೊದಲುಗೊಳ್ಳಬೇಕಾಯಿತು.

ಬರ್ಲಿನ್‌ನ ಕೆಂಪು ಕಾರ್ಡ್

ಇತ್ತ ರಾಷ್ಟ್ರೀಯ ತಂಡದ ಕಥೆಯೇ ಬೇರೆ. 1993ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಪಾದಾರ್ಪಣೆ ಮಾಡಿದ ಕೋಸ್ಟಾ, 1996ರ ಯುರೋ ಕಪ್‌ನಲ್ಲಿ ತಂಡದ ಆಧಾರಸ್ತಂಭ. ಕ್ವಾರ್ಟರ್‌ಫೈನಲ್‌ನಲ್ಲಿ ಜೆಕ್ ಗಣರಾಜ್ಯದ ಕಾರೆಲ್ ಪೊಬೊರ್ಸ್ಕಿ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡು ತೇಲಿಸಿ ಹೊಡೆದ ಏಕೈಕ ಗೋಲಿಗೆ ಪೋರ್ಚುಗಲ್ ಶರಣಾಯಿತು.

ಅದಕ್ಕಿಂತ ಕಹಿಯಾದದ್ದು 1997ರ ಸೆಪ್ಟೆಂಬರ್ 6ರ ಬರ್ಲಿನ್ ಪಂದ್ಯ. 1998ರ ವಿಶ್ವಕಪ್‌ಗೆ ಅರ್ಹತೆ ಪಡೆಯಲು ಜರ್ಮನಿಯ ವಿರುದ್ಧ ಗೆಲುವು ಬೇಕಿತ್ತು. ಪೆಡ್ರೊ ಬಾರ್ಬೋಸಾ 70ನೇ ನಿಮಿಷದಲ್ಲಿ ಗೋಲು ಹೊಡೆದು ಮುನ್ನಡೆ ತಂದಿತ್ತರು. ಸ್ವಲ್ಪ ಹೊತ್ತಿನಲ್ಲಿ ತರಬೇತುದಾರ ಆರ್ಟರ್ ಜಾರ್ಜ್, ಕೋಸ್ಟಾ ಅವರನ್ನು ಹೊರಕರೆದು ಬದಲಿ ಆಟಗಾರನನ್ನು ಕಳಿಸಲು ಮುಂದಾದರು. ಮುನ್ನಡೆಯಲ್ಲಿರುವ ತಂಡದ ಆಟಗಾರ ಓಡೋಡಿ ಹೊರಹೋಗುವುದುಂಟೇ? ಕೋಸ್ಟಾ ನಿಧಾನವಾಗಿ ನಡೆದರು. ಈಗಾಗಲೇ ಒಂದು ಹಳದಿ ಕಾರ್ಡ್ ಪಡೆದಿದ್ದ ಅವರಿಗೆ ಫ್ರಾನ್ಸಿನ ರೆಫರಿ ಮಾರ್ಕ್ ಬಟ್ಟಾ ಕಾಲಹರಣದ ಆರೋಪದಲ್ಲಿ ಎರಡನೇ ಹಳದಿ ಕಾರ್ಡ್ ತೋರಿಸಿದರು, ಹಿಂದೆಯೇ ಕೆಂಪು ಕಾರ್ಡ್. ಹೊರಹೋಗುತ್ತಿದ್ದವರನ್ನು ಹೊರಹಾಕಿದ ವಿಚಿತ್ರ ಪ್ರಸಂಗವಿದು. ಬದಲಿ ಆಟಗಾರನಿಗೂ ಒಳಬರಲು ಅವಕಾಶವಾಗಲಿಲ್ಲ. ಹತ್ತು ಮಂದಿಯ ಪೋರ್ಚುಗಲ್ ವಿರುದ್ಧ ಉಲ್ಫ್ ಕರ್ಸ್ಟನ್ 81ನೇ ನಿಮಿಷದಲ್ಲಿ ಸಮಬಲದ ಗೋಲು ಹೊಡೆದರು.

ಗುಂಪಿನ ಅಂತಿಮ ಲೆಕ್ಕ ನೋಡಿದರೆ ಅಂದು ಕಳೆದುಕೊಂಡದ್ದು ಎಷ್ಟೆಂಬುದು ತಿಳಿಯುತ್ತದೆ. ಜರ್ಮನಿ 22 ಅಂಕ, ಉಕ್ರೇನ್ 20, ಪೋರ್ಚುಗಲ್ 19. ಬರ್ಲಿನ್‌ನಲ್ಲಿ ಗೆದ್ದಿದ್ದರೆ ಪೋರ್ಚುಗಲ್‌ಗೆ 21 ಅಂಕ ಬರುತ್ತಿತ್ತು, ಉಕ್ರೇನ್ ಅನ್ನು ಹಿಂದಿಕ್ಕಬಹುದಿತ್ತು. 25-26ರ ಹರೆಯದ ಚಿನ್ನದ ಪೀಳಿಗೆ, ತನ್ನ ಸಾಮರ್ಥ್ಯದ ಉತ್ತುಂಗದಲ್ಲಿದ್ದಾಗಲೇ ವಿಶ್ವಕಪ್ಪನ್ನು ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ನೋಡಬೇಕಾಯಿತು. ನಿಯಮದ ಪುಸ್ತಕದ ಪ್ರಕಾರ ರೆಫರಿಯ ನಿರ್ಧಾರವನ್ನು ಸಮರ್ಥಿಸಬಹುದೇನೋ. ಆದರೆ ಪಂದ್ಯದ ಔಚಿತ್ಯ ಬಲ್ಲ ಯಾರೂ ಅದನ್ನು ಮೆಚ್ಚಲಾರರು.

2000ದ ಯುರೋ ಕಪ್ ಈ ಪೀಳಿಗೆಯ ಶ್ರೇಷ್ಠ ಪ್ರದರ್ಶನ. ಇಂಗ್ಲೆಂಡ್ ವಿರುದ್ಧ ಮೊದಲ ಪಂದ್ಯದಲ್ಲಿ 0-2ರಿಂದ ಹಿಂದಿದ್ದ ತಂಡ 3-2ರಿಂದ ಗೆದ್ದಿತು. ಫಿಗೊ ದೂರದಿಂದ ಸಿಡಿಸಿದ ಮೊದಲ ಗೋಲು ಎಲ್ಲರಿಗೂ ನೆನಪಿದೆ. ಉಳಿದೆರಡು ಗೋಲುಗಳ ಮೂಲ ಕೋಸ್ಟಾ: ಜೊವಾವೊ ಪಿಂಟೊ ಬಾಗಿ ತಲೆಯಿಂದ ಹೊಡೆದದ್ದು ಅವರು ತೂರಿದ ಚೆಂಡನ್ನು, ನೂನೊ ಗೋಮ್ಸ್ ಗೆಲುವಿನ ಗೋಲು ಬಾರಿಸಿದ್ದು ಅವರು ಸಂದಿಯಲ್ಲಿ ನುಸುಳಿಸಿದ ಪಾಸಿನಿಂದ. ಜರ್ಮನಿಯನ್ನು 3-0ರಿಂದ ಬಗ್ಗುಬಡಿದ ತಂಡ ಸೆಮಿಫೈನಲ್ ತಲುಪಿತು. ಅಲ್ಲಿ ಹೆಚ್ಚುವರಿ ಅವಧಿಯ ಕೊನೆಯಲ್ಲಿ ಅಬೆಲ್ ಶಾವಿಯೆರ್ ಕೈಗೆ ಚೆಂಡು ತಗುಲಿ, ಪೆನಾಲ್ಟಿಯನ್ನು ಜಿನೆದಿನ್ ಜಿದಾನ್ ‘ಗೋಲ್ಡನ್ ಗೋಲ್’ ಆಗಿ ಪರಿವರ್ತಿಸಿದಾಗ ಕನಸು ಮುಗಿಯಿತು. 2002ರ ವಿಶ್ವಕಪ್‌ನಲ್ಲಿ ಪೋಲೆಂಡ್ ವಿರುದ್ಧ ಕೋಸ್ಟಾ ಒಂದು ಗೋಲು ಹೊಡೆದರಾದರೂ ಅಮೆರಿಕ ಮತ್ತು ದಕ್ಷಿಣ ಕೊರಿಯಾ ವಿರುದ್ಧ ಸೋತ ಪೋರ್ಚುಗಲ್ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು.

ಮಿಲಾನ್: ಕಪ್‌ಗಳು ಮತ್ತು ಕಾಕಾ

2001ರಲ್ಲಿ ಮಿಲಾನ್ ಕ್ಲಬ್ ಕೋಸ್ಟಾ ಅವರಿಗೆ ತೆತ್ತದ್ದು ಸುಮಾರು 85 ಶತಕೋಟಿ ಲೀರಾ. ಆ ಕ್ಲಬ್ಬಿನ ಇತಿಹಾಸದಲ್ಲಿ ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಬೆಲೆ ಕೊಟ್ಟಿರಲಿಲ್ಲ. ಅವರನ್ನು ಬಯಸಿದ್ದ ತರಬೇತುದಾರ ಫಾತಿಹ್ ತೆರಿಮ್ ಕೆಲವೇ ತಿಂಗಳಲ್ಲಿ ಹುದ್ದೆ ಕಳೆದುಕೊಂಡರು. ಅವರ ಜಾಗಕ್ಕೆ ಬಂದ ಕಾರ್ಲೊ ಆಂಚೆಲೊಟ್ಟಿ, ಪಿರ್ಲೊ ಅವರನ್ನು ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿ, ಕೋಸ್ಟಾ ಅವರನ್ನು ಇಬ್ಬರು ಮುಂಚೂಣಿ ಆಟಗಾರರ ಹಿಂದೆ ಆಡಿಸಿದರು.

2003ರ ಮೇ 28ರಂದು ಮ್ಯಾಂಚೆಸ್ಟರ್‌ನಲ್ಲಿ ಜುವೆಂಟಸ್ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಕೋಸ್ಟಾ ಮೊದಲ ಹನ್ನೊಂದರಲ್ಲಿದ್ದರು. ಗೋಲಿಲ್ಲದ ಪಂದ್ಯವನ್ನು ಮಿಲಾನ್ ಶೂಟೌಟ್‌ನಲ್ಲಿ ಗೆದ್ದಿತು. ಅದೇ ವರ್ಷ ಇಟಾಲಿಯನ್ ಕಪ್ ಬಂತು. ಆಗಸ್ಟ್‌ನಲ್ಲಿ ಯುರೋಪಿಯನ್ ಸೂಪರ್ ಕಪ್‌ನಲ್ಲಿ ಪೋರ್ಟೊ ವಿರುದ್ಧ ಶೆವ್‌ಚೆಂಕೊ ತಲೆಯಿಂದ ಹೊಡೆದ ಏಕೈಕ ಗೋಲಿಗೆ ಚೆಂಡು ಒದಗಿಸಿದವರು ಕೋಸ್ಟಾ.

ಆ ಬೇಸಿಗೆಯಲ್ಲೇ ಬ್ರೆಜಿಲ್‌ನಿಂದ 21 ವರ್ಷದ ಯುವಕನೊಬ್ಬ ಮಿಲಾನ್‌ಗೆ ಬಂದಿಳಿದ. ಹೆಸರು ಕಾಕಾ. ಚೆಂಡಿನೊಂದಿಗೆ ಐವತ್ತು ಗಜ ಓಡಿ ಗೋಲು ಹೊಡೆಯಬಲ್ಲ ಆಟಗಾರ. ಕೋಸ್ಟಾ ಓಡಿಸುತ್ತಿದ್ದುದು ಚೆಂಡನ್ನು. ಕಾಕಾ ತಾನೇ ಓಡುತ್ತಿದ್ದ. ಫುಟ್‌ಬಾಲ್ ವೇಗದತ್ತ ಹೊರಳುತ್ತಿದ್ದ ಕಾಲದಲ್ಲಿ ಆಯ್ಕೆ ಯಾರದಾಗುತ್ತದೆಂಬುದು ಸ್ಪಷ್ಟವಿತ್ತು. 2003-04ರಲ್ಲಿ ಮಿಲಾನ್ ಇಟಲಿಯ ಚಾಂಪಿಯನ್ ಆದಾಗ ಹತ್ತನೇ ಸಂಖ್ಯೆ ಕೋಸ್ಟಾ ಅವರ ಬೆನ್ನಿನ ಮೇಲೇ ಇತ್ತು. ಹತ್ತನೆಯವನ ಪಾತ್ರ 22ನೇ ಸಂಖ್ಯೆಯ ಕಾಕಾ ಪಾಲಾಗಿತ್ತು. ಐದು ಋತುಗಳಲ್ಲಿ ಮಿಲಾನ್ ಪರ ಲೀಗ್‌ನಲ್ಲಿ ಅವರು ಗಳಿಸಿದ್ದು ನಾಲ್ಕೇ ಗೋಲು. ಇದನ್ನು ಹಿಡಿದು ಅವರನ್ನು ದುಬಾರಿ ಖರೀದಿ ಎಂದು ಹೀಗಳೆದವರಿದ್ದಾರೆ. 2003ರ ಯುರೋಪಿಯನ್ ಕಿರೀಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಟೀಕೆ ನಿಲ್ಲಲಾರದು. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ 3-0 ಮುನ್ನಡೆಯನ್ನು ಮಿಲಾನ್ ಕೈಬಿಟ್ಟ ರಾತ್ರಿ, ಅವರು ಮೈದಾನಕ್ಕಿಳಿದದ್ದು 112ನೇ ನಿಮಿಷದಲ್ಲಿ.

ಆಟ ನೋಡದವರೂ ಕೋಸ್ಟಾ ಅವರನ್ನು ನೋಡಿರುವ ಸಾಧ್ಯತೆಯುಂಟು. ಅದು 2005ರ ಏಪ್ರಿಲ್ 12ರ ಛಾಯಾಚಿತ್ರ. ಸಾನ್ ಸಿರೊ ಕ್ರೀಡಾಂಗಣದಲ್ಲಿ ಮಿಲಾನ್–ಇಂಟರ್ ಚಾಂಪಿಯನ್ಸ್ ಲೀಗ್ ಪಂದ್ಯ. ಇಂಟರ್ ಅಭಿಮಾನಿಗಳು ಉರಿಯುವ ಬಾಣಬಿರುಸುಗಳನ್ನು ಮೈದಾನಕ್ಕೆ ಎಸೆದರು. ಒಂದು ಗೋಲ್‌ಕೀಪರ್ ದೀದಾ ಅವರ ಭುಜಕ್ಕೆ ಬಡಿಯಿತು. ಆಟ ನಿಂತ ಹೊತ್ತಿನಲ್ಲಿ ಇಂಟರ್‌ನ ಮಾರ್ಕೊ ಮ್ಯಾಟೆರಾಜಿ, ಎದುರಾಳಿ ಕೋಸ್ಟಾ ಅವರ ಹೆಗಲ ಮೇಲೆ ಮೊಣಕೈ ಊರಿ ನಿಂತರು. ಇಬ್ಬರೂ ಕೆಂಪು ಹೊಗೆ ಮತ್ತು ಬೆಂಕಿಯನ್ನು ನೋಡುತ್ತಿದ್ದಾರೆ. ರಾಯಿಟರ್ಸ್‌ನ ಸ್ಟೆಫಾನೊ ರೆಲ್ಲಾಂಡಿನಿ ತೆಗೆದ ಈ ಚಿತ್ರ ಕ್ರೀಡಾ ಛಾಯಾಗ್ರಹಣದ ಮರೆಯಲಾಗದ ಚಿತ್ರಗಳಲ್ಲೊಂದು. ಪಂದ್ಯ ಮುಂದುವರಿಯಲಿಲ್ಲ, ಮಿಲಾನ್‌ಗೆ 3-0 ಜಯ ಘೋಷಿಸಲಾಯಿತು.

2004: ಮತ್ತೆ ಲುಜ್‌ನಲ್ಲಿ

2004ರ ಯುರೋ ಕಪ್ ಪೋರ್ಚುಗಲ್‌ನಲ್ಲಿ. ಹಳೆಯ ಲುಜ್ ಕ್ರೀಡಾಂಗಣವನ್ನು ಕೆಡವಿ, ಅದರ ಪಕ್ಕದಲ್ಲೇ 2003ರಲ್ಲಿ ಹೊಸದನ್ನು ಕಟ್ಟಲಾಗಿತ್ತು. ಫೈನಲ್ ನಡೆಯಬೇಕಿದ್ದುದು ಅಲ್ಲಿಯೇ. 1991ರ ಹುಡುಗರು ಈಗ ಮೂವತ್ತು ದಾಟಿದ್ದರು. ಇದು ಕೊನೆಯ ಅವಕಾಶವೆಂಬುದು ಎಲ್ಲರಿಗೂ ಗೊತ್ತಿತ್ತು.

ಆದರೆ ಕೋಸ್ಟಾ ಅವರ ಸ್ಥಾನಕ್ಕೆ ಇಲ್ಲಿಯೂ ಬ್ರೆಜಿಲ್ ಮೂಲದವರೊಬ್ಬರು ಸ್ಪರ್ಧಿಯಾಗಿ ಬಂದಿದ್ದರು. ಪೋರ್ಟೊ ತಂಡದ ಡೆಕೊ ಪೋರ್ಚುಗೀಸ್ ಪೌರತ್ವ ಪಡೆದು, 2003ರ ಮಾರ್ಚ್ 29ರಂದು ತಮ್ಮ ಮೊದಲ ಪಂದ್ಯವನ್ನು ಬ್ರೆಜಿಲ್ ವಿರುದ್ಧವೇ ಆಡಿ ಗೆಲುವಿನ ಗೋಲು ಹೊಡೆದಿದ್ದರು. ಆ ದಿನ ಕೋಸ್ಟಾ ಅವರ 31ನೇ ಹುಟ್ಟುಹಬ್ಬವೂ ಹೌದು. ಹೊರಗೆ ಹುಟ್ಟಿದವರನ್ನು ತಂಡಕ್ಕೆ ಸೇರಿಸಿಕೊಳ್ಳುವ ಬಗ್ಗೆ ಹಿರಿಯ ಆಟಗಾರರಿಂದಲೇ ಅಪಸ್ವರ ಕೇಳಿಬಂತು. ತರಬೇತುದಾರ ಲೂಯಿಸ್ ಫೆಲಿಪೆ ಸ್ಕೊಲಾರಿ, ತಾವೂ ಬ್ರೆಜಿಲ್‌ನವರೇ, ಅದಕ್ಕೆ ಕಿವಿಗೊಡಲಿಲ್ಲ.

ಗ್ರೀಸ್ ವಿರುದ್ಧ ಉದ್ಘಾಟನಾ ಪಂದ್ಯದಲ್ಲಿ ಕೋಸ್ಟಾ ಕಣಕ್ಕಿಳಿದರು. ವಿರಾಮದ ವೇಳೆಗೆ ಅವರನ್ನು ಹೊರಕ್ಕೆ ಕರೆದು ಡೆಕೊ ಅವರನ್ನು ಕಳಿಸಲಾಯಿತು. ಪಂದ್ಯ 1-2ರಿಂದ ಸೋತಿತು. ಮುಂದಿನ ಪಂದ್ಯದಿಂದ ಕೋಸ್ಟಾ ಬದಲಿ ಆಟಗಾರ. ಇಂತಹ ಹೊತ್ತಿನಲ್ಲಿ ಮುನಿಸಿಕೊಂಡು ತಂಡದ ವಾತಾವರಣ ಕೆಡಿಸಿದ ತಾರೆಯರು ಕ್ರೀಡಾಲೋಕದಲ್ಲಿ ಕಡಿಮೆಯೇನಿಲ್ಲ. ಕೋಸ್ಟಾ ಬೆಂಚಿನಿಂದ ಎದ್ದುಬಂದು ರಷ್ಯಾ ವಿರುದ್ಧ ಗೋಲು ಹೊಡೆದರು.

ಜೂನ್ 24ರಂದು ಲುಜ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕ್ವಾರ್ಟರ್‌ಫೈನಲ್. ಪಂದ್ಯ ಹೆಚ್ಚುವರಿ ಅವಧಿಗೆ ಸಾಗಿತು. 110ನೇ ನಿಮಿಷದಲ್ಲಿ, ಬದಲಿಯಾಗಿ ಬಂದಿದ್ದ ಕೋಸ್ಟಾ ಚೆಂಡನ್ನು ಹಿಡಿದು ಇಂಗ್ಲೆಂಡ್ ರಕ್ಷಣಾ ಸಾಲಿನತ್ತ ಮುನ್ನುಗ್ಗಿದರು. ಪೆನಾಲ್ಟಿ ಆವರಣದ ಅಂಚಿನಿಂದ ಬಲಗಾಲಿನಲ್ಲಿ ಸಿಡಿಸಿದ ಚೆಂಡು ಅಡ್ಡಪಟ್ಟಿಯ ಅಡಿಗೆ ಬಡಿದು ಬಲೆ ಸೇರಿತು. ಅವರ ಜೀವಮಾನದ ಶ್ರೇಷ್ಠ ಗೋಲು ಇದೇ ಎನ್ನಲಡ್ಡಿಯಿಲ್ಲ. ಐದೇ ನಿಮಿಷದಲ್ಲಿ ಲ್ಯಾಂಪಾರ್ಡ್ ಸಮಬಲ ಸಾಧಿಸಿದರು. ಶೂಟೌಟ್‌ನಲ್ಲಿ ಕೋಸ್ಟಾ ಚೆಂಡನ್ನು ಅಡ್ಡಪಟ್ಟಿಯ ಮೇಲಕ್ಕೆ ಒದ್ದರು. ಗೋಲ್‌ಕೀಪರ್ ರಿಕಾರ್ಡೊ ಕೈಗವಸು ಕಳಚಿ ಬರಿಗೈಯಲ್ಲಿ ವಾಸೆಲ್ ಅವರ ಒದೆತ ತಡೆದು, ತಾವೇ ಗೆಲುವಿನ ಗೋಲು ಹೊಡೆದು ತಂಡವನ್ನು ದಡ ಸೇರಿಸಿದರು.

ಜುಲೈ 4ರ ಫೈನಲ್‌ನಲ್ಲಿ ಎದುರಾಳಿ ಮತ್ತೆ ಗ್ರೀಸ್. 57ನೇ ನಿಮಿಷದಲ್ಲಿ ಖರಿಸ್ಟಿಯಾಸ್ ತಲೆಯಿಂದ ಗೋಲು ಹೊಡೆದ ಕೆಲವೇ ಕ್ಷಣಗಳಲ್ಲಿ ಕೋಸ್ಟಾ ಒಳಬಂದರು. ಸಂದಿ ಹುಡುಕಿದರು, ಚೆಂಡು ನುಸುಳಿಸಿದರು. ಗ್ರೀಕರ ಗೋಡೆ ಬಿರಿಯಲಿಲ್ಲ. ಹದಿಮೂರು ವರ್ಷಗಳ ಹಿಂದೆ ವಿಶ್ವ ಕಿರೀಟ ತಂದಿತ್ತ ಆವರಣದಲ್ಲೇ ಅವರ ಅಂತಾರಾಷ್ಟ್ರೀಯ ಬದುಕು ಸೋಲಿನೊಂದಿಗೆ ಮುಗಿಯಿತು. ಅಂದು ಬಿಕ್ಕಿ ಬಿಕ್ಕಿ ಅತ್ತ 19 ವರ್ಷದ ರೊನಾಲ್ಡೊ, 2016ರಲ್ಲಿ ಪೋರ್ಚುಗಲ್‌ಗೆ ಯುರೋ ಕಪ್ ಗೆದ್ದುಕೊಟ್ಟ ತಂಡದ ನಾಯಕರಾದರು. ಚಿನ್ನದ ಪೀಳಿಗೆಯ ಯಾರಿಗೂ ಹಿರಿಯರ ತಂಡದಲ್ಲಿ ಆ ಭಾಗ್ಯ ದೊರೆಯಲಿಲ್ಲ.

ಮರಳಿ ಮನೆಗೆ

2006ರ ಮೇ ತಿಂಗಳಲ್ಲಿ ಮಿಲಾನ್ ಜೊತೆಗಿನ ಕರಾರನ್ನು ಪರಸ್ಪರ ಒಪ್ಪಿಗೆಯಿಂದ ಮುಗಿಸಿ, ತೀರಾ ಕಡಿಮೆ ಸಂಬಳಕ್ಕೆ ಕೋಸ್ಟಾ ಬೆನ್ಫಿಕಾಗೆ ಮರಳಿದರು. ವಯಸ್ಸು 34. ಮೊದಲ ಋತುವನ್ನು ಗಾಯ ನುಂಗಿತು. ಎರಡನೆಯದರಲ್ಲಿ ಅವರು ಚೆನ್ನಾಗಿಯೇ ಆಡಿದರೂ ತಂಡ ನಾಲ್ಕನೇ ಸ್ಥಾನಕ್ಕಿಳಿಯಿತು. ಅರ್ಥಾತ್, ಮನೆಗೆ ಮರಳಿದ ಮಗನಿಗೆ ಪ್ರಶಸ್ತಿಯ ಹಾರವೇನೂ ಕಾದಿರಲಿಲ್ಲ. 2008ರ ಮೇ 11ರಂದು ವಿಟೋರಿಯಾ ಸೆಟುಬಲ್ ವಿರುದ್ಧ ಕೊನೆಯ ಪಂದ್ಯ. ಬೆನ್ಫಿಕಾ 3-0ರಿಂದ ಗೆದ್ದಿತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅವರನ್ನು ಹೊರಕರೆಯಲಾಯಿತು. ಇಡೀ ಲುಜ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಈ ಬಾರಿ ನಿಧಾನವಾಗಿ ನಡೆದುದಕ್ಕೆ ಯಾವ ರೆಫರಿಯೂ ಕಾರ್ಡ್ ತೋರಿಸಲಿಲ್ಲ.

ಅಂಗಿ ಕಳಚಿದವರೇ ಕ್ಲಬ್ಬಿನ ಫುಟ್‌ಬಾಲ್ ನಿರ್ದೇಶಕರ ಕುರ್ಚಿಯಲ್ಲಿ ಕುಳಿತರು. ತೆರವಾದ ಹತ್ತನೇ ಸಂಖ್ಯೆಗೆ ಅದೇ ಬೇಸಿಗೆಯಲ್ಲಿ ಅರ್ಜೆಂಟೀನಾದ ಪಾಬ್ಲೊ ಐಮಾರ್ ಅವರನ್ನು ಕರೆತಂದರು. 2010ರಲ್ಲಿ ಲೀಗ್ ಪ್ರಶಸ್ತಿ ಬಂತು. 2013 ಮತ್ತು 2014ರಲ್ಲಿ ಯುರೋಪಾ ಲೀಗ್ ಫೈನಲ್ ತಲುಪಿದ ತಂಡ ಎರಡರಲ್ಲೂ ಸೋತಿತು.

2021ರ ಜುಲೈನಲ್ಲಿ ಅಧ್ಯಕ್ಷ ಲೂಯಿಸ್ ಫಿಲಿಪೆ ವಿಯೆರಾ ಹಣಕಾಸು ವ್ಯವಹಾರಗಳ ತನಿಖೆಯಲ್ಲಿ ಬಂಧನಕ್ಕೊಳಗಾಗಿ ಹುದ್ದೆಯಿಂದ ದೂರ ಸರಿದಾಗ ಕ್ಲಬ್ಬಿನ ಹೊಣೆ ಕೋಸ್ಟಾ ಅವರ ಹೆಗಲೇರಿತು. ಅಕ್ಟೋಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಸದಸ್ಯರು ಶೇ 84ರಷ್ಟು ಮತ ನೀಡಿ ಅವರನ್ನು ಆರಿಸಿದರು. 2023ರಲ್ಲಿ ಬೆನ್ಫಿಕಾ 38ನೇ ಬಾರಿಗೆ ದೇಶದ ಚಾಂಪಿಯನ್ ಆಯಿತು.

ಅಧ್ಯಕ್ಷಗಿರಿ ಹೂವಿನ ಹಾಸಿಗೆಯಾಗಲಿಲ್ಲ. ಪೋರ್ಚುಗಲ್‌ನ ಕ್ಲಬ್‌ಗಳು ಬದುಕುವುದೇ ಆಟಗಾರರನ್ನು ಬೆಳೆಸಿ ಮಾರುವುದರಿಂದ. 2023ರ ಆರಂಭದಲ್ಲಿ ಎಂಜೊ ಫರ್ನಾಂಡಿಸ್ ಅವರನ್ನು ಚೆಲ್ಸಿಗೆ 12 ಕೋಟಿ ಯೂರೊಗೂ ಮಿಕ್ಕಿದ ಬೆಲೆಗೆ ಮಾರಿದಾಗ ಗೊಣಗಾಟವಷ್ಟೇ ಕೇಳಿಬಂತು. ಬೆನ್ಫಿಕಾದ ಅಕಾಡೆಮಿಯಲ್ಲೇ ಬೆಳೆದ ಗೊನ್ಸಾಲೊ ರಾಮೋಸ್ 2023ರಲ್ಲಿ, 19 ವರ್ಷದ ಜೊವಾವೊ ನೆವೆಸ್ 2024ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಪಾಲಾದಾಗ ಅಭಿಮಾನಿಗಳ ಸಂಕಟ ಬೇರೆಯೇ ಆಗಿತ್ತು. 1994ರಲ್ಲಿ ಇದೇ ರೀತಿ ಮಾರಾಟವಾಗಿ ಹೋದವರೇ ಈಗ ಮಾರಾಟದ ಕಾಗದಕ್ಕೆ ಸಹಿ ಹಾಕುವ ಜಾಗದಲ್ಲಿದ್ದರು. ಇದೇ ಕಾಲದಲ್ಲಿ, 2007ರಲ್ಲಿ ಹದಿಹರೆಯದವನಾಗಿ ಬೆನ್ಫಿಕಾ ಸೇರಿ, ಕೋಸ್ಟಾ ಅವರ ಕೊನೆಯ ಋತುವಿನಲ್ಲಿ ಜೊತೆಗೆ ಆಡಿದ್ದ ಏಂಜೆಲ್ ಡಿ ಮರಿಯಾ ವಿಶ್ವಕಪ್ ವಿಜೇತನಾಗಿ 2023ರಲ್ಲಿ ಕ್ಲಬ್‌ಗೆ ಮರಳಿ ಎರಡು ಋತು ಆಡಿದ್ದು ಬೆನ್ಫಿಕಾ ಮಂದಿಗೆ ಸಮಾಧಾನ ತಂದ ಸಂಗತಿ.

2025ರ ಸೆಪ್ಟೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಅಜರ್‌ಬೈಜಾನ್‌ನ ಕರಬಾಗ್ ತಂಡ ಲುಜ್‌ನಲ್ಲೇ ಬೆನ್ಫಿಕಾವನ್ನು 3-2ರಿಂದ ಮಣಿಸಿತು. ಕೋಸ್ಟಾ ತರಬೇತುದಾರ ಬ್ರೂನೊ ಲಾಜ್ ಅವರನ್ನು ವಜಾ ಮಾಡಿ ಜೋಸ್ ಮೊರಿನ್ಯೊ ಅವರನ್ನು ಕರೆತಂದರು. ಚುನಾವಣೆ ಹೊಸ್ತಿಲಲ್ಲಿತ್ತು. ಅಕ್ಟೋಬರ್ 25ರ ಮತದಾನದಲ್ಲಿ 85 ಸಾವಿರಕ್ಕೂ ಹೆಚ್ಚು ಸದಸ್ಯರು ಮತ ಚಲಾಯಿಸಿದರು. ಯಾವ ಕ್ರೀಡಾ ಕ್ಲಬ್ಬಿನ ಚುನಾವಣೆಯಲ್ಲೂ ಅದುವರೆಗೆ ಇಷ್ಟು ಮಂದಿ ಮತ ಹಾಕಿರಲಿಲ್ಲ. ಯಾರಿಗೂ ಬಹುಮತ ಬಾರದೆ, ನಾಲ್ಕು ವರ್ಷಗಳ ಹಿಂದೆ ಶೇ 84ರಷ್ಟು ಮತ ಪಡೆದಿದ್ದ ಕೋಸ್ಟಾ ಎರಡನೇ ಸುತ್ತಿನ ಪರೀಕ್ಷೆ ಎದುರಿಸಬೇಕಾಯಿತು. ನವೆಂಬರ್ 8ರಂದು ನಡೆದ ಆ ಸುತ್ತಿನಲ್ಲಿ ಜೊವಾವೊ ನೊರೊನ್ಯಾ ಲೋಪೆಸ್ ಅವರನ್ನು ಸುಮಾರು ಶೇ 66ರಷ್ಟು ಮತಗಳಿಂದ ಸೋಲಿಸಿ ಅವರು ಮತ್ತೊಂದು ಅವಧಿಗೆ ಅಧ್ಯಕ್ಷರಾಗಿ ಆಯ್ಕೆಯಾದರು.